ಮುಂದೂಡಿಕೆಯಲ್ಲೇ ಕರಗುವ ಹಕ್ಕು

ಮಾನ್ಯ ಸಂಪಾದಕರೇ,

ಅಧಿಕಾರಕ್ಕೆ ಬಾಗಿದ ತೀರ್ಪಿನ ಬೆಲೆ ದೊಡ್ಡದು. ತುರ್ತು ಪರಿಸ್ಥಿತಿಯ ಕಾಲದ, 1976ರ ಎಡಿಎಂ ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 4–1 ಬಹುಮತದಿಂದ ಬಂಧಿತರಿಗೆ ಹೇಬಿಯಸ್ ಕಾರ್ಪಸ್ (ಬಂಧನ ಕಾನೂನುಬದ್ಧವೇ ಎಂದು ಪ್ರಶ್ನಿಸುವ ಅರ್ಜಿ) ಬಾಗಿಲು ಮುಚ್ಚಿತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರಿಗೆ 1977ರಲ್ಲಿ ಮುಖ್ಯ ನ್ಯಾಯಮೂರ್ತಿ ಹುದ್ದೆ ತಪ್ಪಿತು. ಆ ತೀರ್ಪನ್ನು ಅಳಿಸಲು ಖಾಸಗಿತನದ ಹಕ್ಕಿನ ಕುರಿತ 2017ರ ಪುಟ್ಟಸ್ವಾಮಿ ಪ್ರಕರಣವೇ ಬರಬೇಕಾಯಿತು.

ಈಗಿನ ಅಪಾಯ ವಿಳಂಬದ್ದು. ರಾಜ್ಯದ ಗೂಂಡಾ ಕಾಯ್ದೆಯಡಿ ಮುಂಜಾಗ್ರತೆಯ ಹೆಸರಲ್ಲಿ ವಿಚಾರಣೆಯಿಲ್ಲದೆ ಇಡುವ ಬಂಧನ ಗರಿಷ್ಠ 12 ತಿಂಗಳು. ಅದನ್ನು ಪ್ರಶ್ನಿಸುವ ಬೆಳಗಾವಿ, ಬಾಗಲಕೋಟೆಯವರ ಅರ್ಜಿ ಹೈಕೋರ್ಟ್‌ನ ಧಾರವಾಡ ಪೀಠಕ್ಕೆ, ವಿಜಯಪುರದವರದು ಕಲಬುರಗಿಗೆ ಹೋಗುತ್ತದೆ. ವಿಚಾರಣೆ ಮುಂದೂಡುತ್ತಲೇ ಹೋದರೆ ಬಂಧನದ ಅವಧಿಯೇ ಮುಗಿದು ಅರ್ಜಿ ನಿರರ್ಥಕವಾಗುತ್ತದೆ. ಬಂಧನದ ಆದೇಶ ಸರಿಯೋ ತಪ್ಪೋ ಎಂಬುದು ತೀರ್ಮಾನವಾಗುವುದೇ ಇಲ್ಲ. ಇದು ಸರ್ಕಾರಕ್ಕೆ ಸಿಕ್ಕ ಪುಕ್ಕಟೆ ಗೆಲುವು. ಇಂಥ ಅರ್ಜಿಗಳ ಇತ್ಯರ್ಥಕ್ಕೆ ಗಡುವು ಬೇಕು. ತೀರ್ಪುಗಳು ಅಧಿಕಾರಕ್ಕೆ ಬಾಗದಿರಲು, ನಿವೃತ್ತಿಯಾದ ನ್ಯಾಯಮೂರ್ತಿಗಳು ಎರಡು ವರ್ಷ ಸರ್ಕಾರಿ ಹುದ್ದೆ ಒಪ್ಪದಂತೆ ಕಾನೂನೂ ಆಗಲಿ.

– ವಕೀಲರ ಬಳಗ, ಬೆಳಗಾವಿ