ಹಳೆ ಔಟ್‌ಬೋರ್ಡ್‌ನ ಗೇರ್ ಬಿಗಿಯಾದರೆ ಮೊದಲು ಕೇಬಲ್ ನೋಡಿ

ದೋಣಿಯವರೆಲ್ಲರ ಗಮನಕ್ಕೆ. ಔಟ್‌ಬೋರ್ಡ್‌ನಲ್ಲಿ, ಅಂದರೆ ದೋಣಿಯ ಹಿಂಬದಿಗೆ ಕಟ್ಟುವ ಇಂಜಿನ್‌ನಲ್ಲಿ, ಗೇರ್ ಬೀಳದಿದ್ದರೆ ಲಿವರ್ ಮೇಲೆ ಬಲ ಹಾಕಬೇಡಿ. ಇಂಜಿನ್ ಬಂದ್ ಮಾಡಿ, ಪ್ಲಗ್ ವಯರ್ ತೆಗೆದಿಡಿ. ಗೇರ್ ಲಿವರ್‌ನಿಂದ ಇಂಜಿನ್‌ಗೆ ಹೋಗುವ ಕೇಬಲ್ ಇದ್ದರೆ ಅದರ ಇಂಜಿನ್ ಕಡೆಯ ತುದಿ ಬಿಚ್ಚಿ. ಒಬ್ಬರು ಪ್ರೊಪೆಲ್ಲರ್ ಮೆಲ್ಲಗೆ ತಿರುಗಿಸಲಿ, ಇನ್ನೊಬ್ಬರು ಇಂಜಿನ್ ಮೇಲಿನ ಶಿಫ್ಟ್ ಲಿವರನ್ನು ಕೈಯಲ್ಲೇ ಆಡಿಸಲಿ. ಸಲೀಸಾಗಿ ಬಿದ್ದರೆ ತೊಂದರೆ ಕೇಬಲ್‌ನದ್ದು, ಇಲ್ಲವೇ ಗೇರ್ ಲಿವರ್ ಕೂರಿಸಿದ ಕಂಟ್ರೋಲ್ ಬಾಕ್ಸ್‌ನದ್ದು. ಉಪ್ಪುನೀರಿಗೆ ಒಳಗಿನ ತಂತಿ ತುಕ್ಕು ಹಿಡಿದಿದ್ದರೆ ಎಣ್ಣೆ ಬಿಟ್ಟು ಸುಮ್ನೆ ದಿನ ದೂಡಬೇಡಿ, ಕೇಬಲ್ಲೇ ಬದಲಿಸಿ.

ಆಗಲೂ ಬಿಗಿ ಇದ್ದರೆ ಗೇರ್ ಆಯಿಲ್ ಇಳಿಸಿ ನೋಡಿ. ಹಾಲು ಬೆರೆಸಿದ ಚಹಾದ ಬಣ್ಣ ಬಂದಿದೆಯಾ? ಸೀಲ್ ಹೋಗಿ ನೀರು ನುಗ್ಗಿದೆ. ರಿಪೇರಿ ಆಗುವವರೆಗೆ ದೋಣಿ ಇಳಿಸಬೇಡಿ. ಅಳಿವೆ ಬಾಯಲ್ಲಿ ಗೇರ್ ಕೈಕೊಟ್ಟರೆ ಜೀವಕ್ಕೇ ಕುತ್ತು, ಅಲ್ವಾ?

ಇನ್ನೊಂದು ಮಾತು. ಗೇರ್ ಹಾಕುವಾಗ ರೇಸ್ ಪೂರ್ತಿ ಇಳಿಸಿ, ಲಿವರ್ ಮಾತ್ರ ಒಂದೇ ಸಲಕ್ಕೆ ಎಳೆಯಿರಿ. ನಿಧಾನಕ್ಕೆ ಎಳೆದರೆ ಕ್ಲಚ್‌ನ ಹಲ್ಲು ಸವೆಯುತ್ತದೆ.