ಯಾರಿಗೆ ಹೇಳುತ್ತಿದ್ದೀಯ?

ಪ್ರೀತಿಯ ತಂಗಿ,

ನೀನು ಕಳಿಸಿದ ಪದ್ಯಗಳನ್ನೆಲ್ಲ ಓದಿದೆ, ಕೆಲವನ್ನು ಎರಡೆರಡು ಸಲ. ಮ್ಯೂನಿಕ್‌ನಲ್ಲಿ ಕೂತು ಸಾಗರ ತಾಲ್ಲೂಕಿನ ಮಳೆ, ಅಡಿಕೆ ತೋಟ, ಅಮ್ಮನ ತಂಬುಳಿ ಅಂತ ಬರೆದಿದ್ದೀಯ. ನಿನ್ನ ಸಂಕಟ ನಿಜವೇ. ಆದರೆ ಮಳೆ, ತೋಟದ ಬಗ್ಗೆ ಊರು ಬಿಡದವರೂ ಹೀಗೇ ಬರೆಯುತ್ತಾರೆ. ಊರು ಬಿಟ್ಟ ಮೇಲೆ ನೀನು ಯಾರಾಗಿದ್ದೀಯ ಅನ್ನೋದು ನನಗೆ ಕಾಣಲಿಲ್ಲ. 'ನಾನು ಕನ್ನಡತಿ' ಅಂತ ಮತ್ತೆ ಮತ್ತೆ ಬರುತ್ತದೆ. ಯಾರಿಗೆ ಹೇಳುತ್ತಿದ್ದೀಯ? ಓದುವವರೆಲ್ಲ ಕನ್ನಡದವರೇ ಅಲ್ವಾ?

ಪ್ಯಾಲೆಸ್ಟೀನಿನ ಕವಿ ಮಹಮೂದ್ ದರ್ವೀಶ್ ಅವರನ್ನು ಓದು. ಹುಟ್ಟಿದ್ದು 1941ರಲ್ಲಿ, ಗಲಿಲೀ ಸೀಮೆಯ ಅಲ್-ಬಿರ್ವಾ ಅನ್ನೋ ಹಳ್ಳಿಯಲ್ಲಿ. ಇಸ್ರೇಲ್ ಹುಟ್ಟಿದ 1948ರ ಯುದ್ಧದಲ್ಲಿ ಮನೆಯವರೆಲ್ಲ ಲೆಬನಾನ್‌ಗೆ ಓಡಿದರು. ಆಮೇಲೆ ಕದ್ದು ವಾಪಸ್ ಬಂದರೆ ಊರು ನೆಲಸಮವಾಗಿತ್ತು, ಇಸ್ರೇಲಿನ ಜನಗಣತಿಯೂ ಮುಗಿದುಹೋಗಿತ್ತು. ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಅವರು 'ಹಾಜರಿದ್ದೂ ಗೈರುಹಾಜರಾದವರು'. ತಮ್ಮ ನೆಲದ ಮೇಲೇ ನಿಂತಿದ್ದಾರೆ, ಕಾಗದದಲ್ಲಿ ಮಾತ್ರ ಇಲ್ಲ! ಅಂಥವರು 1964ರ ಹೊತ್ತಿಗೆ 'ಗುರುತಿನ ಚೀಟಿ' ಪದ್ಯ ಬರೆದರು. 'ಬರೆದುಕೋ, ನಾನು ಅರಬ' ಅಂತ ಶುರುವಾಗುತ್ತದೆ. ಮಕ್ಕಳೆಷ್ಟು, ಕೆಲಸ ಏನು, ಕೂದಲು ಯಾವ ಬಣ್ಣ, ಕಣ್ಣು ಯಾವ ಬಣ್ಣ, ಎಲ್ಲವೂ ಸರ್ಕಾರಿ ಫಾರ್ಮ್ ತುಂಬಿಸಿದ ಹಾಗೆ ಬರುತ್ತಾ ಹೋಗುತ್ತದೆ. ಮೇಜಿನಾಚೆ ಅಧಿಕಾರಿಯೊಬ್ಬ ಕೂತಿದ್ದಾನೆ, ಅವನು ಕೇಳಿದ್ದರಿಂದಲೇ ಆ ಉತ್ತರಕ್ಕೆ ಅಷ್ಟು ಕಾವು. ಮುಂದೆ ಬೈರೂತ್‌ನಲ್ಲಿ ಜನ ಅದೇ ಪದ್ಯ ಬೇಕು ಅಂತ ಹಟ ಹಿಡಿದಾಗ ಅವರು ಒಪ್ಪಲಿಲ್ಲ. ಅರಬರ ಮುಂದೆ ನಿಂತು ನಾನು ಅರಬ ಅಂತ ಯಾಕೆ ಹೇಳಬೇಕು, ಅಲ್ವಾ? 1970ರಲ್ಲಿ ದೇಶ ಬಿಟ್ಟವರು ಮಾಸ್ಕೋ, ಕೈರೋ, ಬೈರೂತ್, ಪ್ಯಾರಿಸ್ ಅಂತ ಅಲೆದು 1996ರಲ್ಲಿ ಪ್ಯಾಲೆಸ್ಟೀನಿನ ರಾಮಲ್ಲಾಗೆ ಬಂದರು. ಅದೂ ಹುಟ್ಟಿದೂರಲ್ಲ.

ನಮ್ಮ ಕವಿ ಎ.ಕೆ. ರಾಮಾನುಜನ್ ಅವರದು ಬೇರೆಯೇ ದಾರಿ. ಮೈಸೂರಿನ ಮನೆಯಲ್ಲಿ ಮಹಡಿ ಮೇಲೆ ಅಪ್ಪನ ಜೊತೆ ಇಂಗ್ಲಿಷ್, ಕೆಳಗೆ ಅಮ್ಮನ ಜೊತೆ ತಮಿಳು, ಬೀದಿಗೆ ಬಂದರೆ ಕನ್ನಡ. ಶಿಕಾಗೋದಲ್ಲಿ ದಶಕಗಳ ಕಾಲ ಇದ್ದು ಕನ್ನಡದಲ್ಲೂ ಪದ್ಯ ಬರೆದರು, ಆದರೆ ಅಲ್ಲಿ ಊರಿನ ಬಣ್ಣನೆ ಹುಡುಕಿದರೆ ಜಾಸ್ತಿ ಸಿಗುವುದಿಲ್ಲ. ಮನೆಯವರು ಸಿಗುತ್ತಾರೆ, ಮೈ ಸಿಗುತ್ತದೆ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡ. ಒಂದು ಪದ್ಯದಲ್ಲಿ ನಿನ್ನನ್ನು ನೀನೇ 'ಗಡಿಪಾರಾದವಳು' ಅಂತ ಕರೆದುಕೊಂಡಿದ್ದೀಯ. ಅದನ್ನು ಹೊಡೆದು ಹಾಕು. ನೀನು ಇಷ್ಟಪಟ್ಟು ಹೋದವಳು, ರಜೆ ಸಿಕ್ಕರೆ ದೀಪಾವಳಿಗೆ ಬರುತ್ತೀಯ. ನಿನ್ನ ತಾಲ್ಲೂಕಿನಲ್ಲೇ ಶರಾವತಿ ಹಿನ್ನೀರಿಗೆ ಮನೆ, ಗದ್ದೆ ಬಿಟ್ಟುಕೊಟ್ಟವರಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಅವರು ಯಾವ ಹಬ್ಬಕ್ಕೂ ಆ ಊರಿಗೆ ಹೋಗುವ ಹಾಗಿಲ್ಲ. ಅವರ ದುಃಖವನ್ನು ಎರವಲು ತರಬೇಡ, ನಿನ್ನದು ಚಿಕ್ಕದಿದ್ದರೆ ಚಿಕ್ಕದಾಗಿಯೇ ಇರಲಿ.

ಆ ಚಿಕ್ಕದೇ ಒಂದು ಪದ್ಯದಲ್ಲಿ ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ? ಅಮ್ಮ ವಿಡಿಯೋ ಕಾಲ್‌ನಲ್ಲಿ ಹಲಸಿನ ಮರ ತೋರಿಸೋಕೆ ಹೋಗುತ್ತಾರೆ. ಕ್ಯಾಮೆರಾ ತಿರುಗಿಸೋದು ಗೊತ್ತಾಗದೆ ನಿನಗೆ ಅವರ ಗಲ್ಲ, ಮೇಲಿನ ಜಂತಿ, ಜೇಡರ ಬಲೆ ಅಷ್ಟೇ ಕಾಣುತ್ತದೆ. ನೀನು 'ಹೂಂ ಅಮ್ಮ, ಈ ಸಲ ಚೆನ್ನಾಗಿ ಬಿಟ್ಟಿದೆ' ಅನ್ನುತ್ತೀಯ. ಆ ಸುಳ್ಳು ಊರಲ್ಲೇ ಇರುವ ಮಗಳಿಗೆ ಬೇಕಾಗುತ್ತಲೇ ಇರಲಿಲ್ಲ. ನಿನ್ನನ್ನು ನಾನು ಮೊದಲ ಸಲ ನೋಡಿದ್ದು ಅಲ್ಲೇ. ಮುಂದಿನ ಸಾಲಿನಲ್ಲಿ 'ಓ ತಾಯ್ನೆಲವೇ' ಅಂತ ಸುಮ್ನೆ ಕೂಗಿದ್ದೀಯ, ಅಮ್ಮನ ದನಿ ಅದರಲ್ಲಿ ಮುಚ್ಚಿಹೋಗಿದೆ. ಆ ಸಾಲು ಬೇಡ, ಸುಳ್ಳು ಹೇಳಿದಲ್ಲಿಗೇ ಪದ್ಯ ನಿಲ್ಲಿಸು.

ಹೊಸದನ್ನು ಬರೆಯುವಾಗ, ಅಲ್ಲಿ ನಿನ್ನನ್ನು ಯಾರು ಏನು ಕೇಳುತ್ತಾರೆ ಅನ್ನೋದರಿಂದ ಶುರು ಮಾಡು. ವೀಸಾ ಕಚೇರಿಯವರು ಕೇಳೋದು, ಹೆಸರು ಉದ್ದವಾಯ್ತು ಅಂತ ಅರ್ಧ ಮಾಡಿ ಕರೆಯುವವರು ಕೇಳೋದು, 'ವಾಪಸ್ ಯಾವಾಗ ಬರ್ತೀಯೇ' ಅಂತ ಅತ್ತೆ ಫೋನಿನಲ್ಲಿ ಕೇಳೋದು. ಮೂವರಿಗೂ ನೀನು ಒಂದೇ ಉತ್ತರ ಕೊಡುವುದಿಲ್ಲ ಅಂತ ನನಗೆ ಗೊತ್ತು. ಮೂರನ್ನೂ ಬರೆದು ಕಳಿಸು, ತಿದ್ದೋದು ಆಮೇಲೆ ನೋಡೋಣ.

ಪ್ರೀತಿಯಿಂದ,
ಅಕ್ಕ