ಫೆಬ್ರವರಿಯಲ್ಲಿ ತಿಮಿಂಗಿಲ ತೋರಿಸ್ತೀವಿ ಅಂದವರಿಗೆ

ಟೂರ್ ಮ್ಯಾನೇಜರ್ ಅವರಿಗೆ,

ವಿಷಯ: ದಕ್ಷಿಣ ಆಫ್ರಿಕಾದ ಕೇಪ್‌ಟೌನ್–ಗಾರ್ಡನ್ ರೂಟ್ ಪ್ರವಾಸದ ಬಗ್ಗೆ ದೂರು

ಫೆಬ್ರವರಿ ಎರಡನೇ ವಾರ ನಿಮ್ಮ ಜೊತೆ ಹೋದ ನಾಲ್ಕು ಜನರಲ್ಲಿ ನಾನೂ ಒಬ್ಬ. ಬ್ರೋಷರ್ ಇನ್ನೂ ನನ್ನ ಹತ್ತಿರ ಇದೆ. ಮೊದಲ ಪುಟದಲ್ಲೇ 'ಹರ್ಮಾನಸ್‌ನಲ್ಲಿ ತಿಮಿಂಗಿಲ ವೀಕ್ಷಣೆ' ಅಂತ ದಪ್ಪ ಅಕ್ಷರದಲ್ಲಿದೆ.

ನಮ್ಮ ಅಮ್ಮನಿಗೆ 68 ವರ್ಷ. ತಿಮಿಂಗಿಲ ನೋಡಲೆಂದೇ ಬೈನಾಕ್ಯುಲರ್ ಕೊಂಡಿದ್ದರು. ದಡದ ಬಂಡೆ ಮೇಲೆ ಎರಡು ಗಂಟೆ ಕೂತು ಕಣ್ಣು ನೋಯಿಸಿಕೊಂಡ ಮೇಲೆ, ಪಕ್ಕದ ಅಂಗಡಿಯವರು ಪಾಪ ಅಂತ ಹೇಳಿದರು: ಸದರ್ನ್ ರೈಟ್ ತಿಮಿಂಗಿಲ ಇಲ್ಲಿಗೆ ಬರುವುದು ಜೂನ್‌ನಿಂದ ನವೆಂಬರ್‌ವರೆಗೆ, ಮರಿ ಹಾಕಲು. ಕೊನೆಗೆ ಅಮ್ಮನ ಬೈನಾಕ್ಯುಲರ್‌ಗೆ ಸಿಕ್ಕಿದ್ದು ಬಂಡೆ ಮೇಲೆ ಬಿಸಿಲು ಕಾಯುತ್ತಿದ್ದ ಒಂದು ಡ್ಯಾಸಿ. ಬಾಲವಿಲ್ಲದ ಹೆಗ್ಗಣದ ಹಾಗಿರುತ್ತದೆ. ಅದು ಆನೆಯ ದೂರದ ನೆಂಟ ಅಂತ ಹೇಳಿ ಸಮಾಧಾನ ಮಾಡಿದೆ, ಅಮ್ಮ ನಗಲಿಲ್ಲ.

ಫೋನ್ ಮಾಡಿದರೆ ನಿಮ್ಮ ಆಫೀಸಿನವರು 'ಪ್ರಕೃತಿ ನಮ್ಮ ಕೈಯಲ್ಲಿಲ್ಲ ಸರ್' ಅಂದರು. ಒಪ್ಪಿದೆ. ಕ್ಯಾಲೆಂಡರ್ ಇತ್ತಲ್ವಾ?

ಇನ್ನು ರಸ್ತೆ. ದುಡ್ಡು ಕೊಟ್ಟಿದ್ದೇ ಸಮುದ್ರದ ಪಕ್ಕದ ದಾರಿಗೆ. ಚಾಪ್‌ಮನ್ಸ್ ಪೀಕ್ ಡ್ರೈವ್ ಟೋಲ್ ರಸ್ತೆ ಅಂತ ಡ್ರೈವರ್ ಆ ಕಡೆ ತಿರುಗಿಸಲೇ ಇಲ್ಲ. ಗಾರ್ಡನ್ಸ್ ಬೇಯಿಂದ ರೂಯಿ ಎಲ್ಸ್ ಕಡೆ ಕಡಲಿಗೆ ಅಂಟಿಕೊಂಡೇ ಹೋಗುವ ಕ್ಲಾರೆನ್ಸ್ ಡ್ರೈವ್ ಬಿಟ್ಟು, ಬೇಗ ತಲುಪುತ್ತೇವೆ ಅಂತ ಎನ್2 ಹೆದ್ದಾರಿ ಹಿಡಿದು ಸರ್ ಲೌರೀಸ್ ಪಾಸ್ ಘಾಟಿ ಹತ್ತಿಸಿದರು. ಪಟ್ಟಿಯಲ್ಲಿದ್ದ ಅಗುಲ್ಹಾಸ್, ಅಂದರೆ ಆಫ್ರಿಕಾದ ದಕ್ಷಿಣದ ತುದಿ, ಅದೂ 'ಸುತ್ತು ಜಾಸ್ತಿ' ಆಯಿತು. ಘಾಟಿ ದಾಟಿ ಮಾಸೆಲ್ ಬೇವರೆಗೆ ಕಿಟಕಿಯಲ್ಲಿ ಕಂಡದ್ದು ಕಟಾವಾದ ಗೋಧಿ ಹೊಲ. ಇದನ್ನು ನೋಡಲು ಹುಬ್ಬಳ್ಳಿಗೆ ಹೋದರೆ ಸಾಕಿತ್ತು. ಆದರೆ ಪಟ್ಟಿಯಲ್ಲಿಲ್ಲದ ಆಸ್ಟ್ರಿಚ್ ಚರ್ಮದ ಅಂಗಡಿಗೆ ಮಾತ್ರ ಒಂದೂವರೆ ಗಂಟೆ ಸಿಕ್ಕಿತು.

ಸುಮ್ನೆ ಎಲ್ಲ ಕೆಟ್ಟದ್ದು ಅನ್ನುವುದಿಲ್ಲ. ಬೋಲ್ಡರ್ಸ್ ಬೀಚಿನ ಪೆಂಗ್ವಿನ್‌ಗಳು, ಸ್ಟಾರ್ಮ್ಸ್ ನದಿ ಕಡಲು ಸೇರುವಲ್ಲಿನ ತೂಗುಸೇತುವೆ ಚೆನ್ನಾಗಿದ್ದವು. ಆಡೋ (Addo) ರಾಷ್ಟ್ರೀಯ ಉದ್ಯಾನದಲ್ಲಿ ಆನೆಗಳೂ ಸಿಕ್ಕವು. 1931ರಲ್ಲಿ ಬರೀ 11 ಆನೆ ಉಳಿದಿದ್ದ ಜಾಗ ಅದು, ಈಗ ಹಿಂಡು ಹಿಂಡಾಗಿವೆ. ಆದರೆ ಪೂರ್ತಿ ದಿನದ ಸಫಾರಿ ಅಂದಿದ್ದವರು ಒಳಗೆ ಬಿಟ್ಟಿದ್ದು ಸಂಜೆ ನಾಲ್ಕಕ್ಕೆ. ರಸ್ತೆ ದಾಟುವ ಸಗಣಿ ಹುಳಕ್ಕೆ ದಾರಿ ಬಿಡಿ ಅಂತ ಅಲ್ಲಿ ಬೋರ್ಡ್ ಇದೆ. ನಮ್ಮ ಡ್ರೈವರ್‌ಗೆ ಅದನ್ನು ಓದುವಷ್ಟೂ ಪುರುಸೊತ್ತಿರಲಿಲ್ಲ.

ತಲಾ 40,000 ರೂಪಾಯಿ ವಾಪಸ್ ಕೊಡಿ. ಮುಂದಿನ ಟ್ರಿಪ್‌ಗೆ ಡಿಸ್ಕೌಂಟ್ ಕೂಪನ್ ಬೇಡ. 15 ದಿನದಲ್ಲಿ ಉತ್ತರ ಬರದಿದ್ದರೆ ಬ್ರೋಷರ್ ಸಮೇತ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ. ಫೆಬ್ರವರಿ ಬ್ಯಾಚ್‌ನ ಜಾಹೀರಾತಿನಿಂದ ಆ ತಿಮಿಂಗಿಲದ ಫೋಟೊ ಇವತ್ತೇ ತೆಗೆಯಿರಿ.

ಇಂತಿ,
ನಿಮ್ಮ ಫೆಬ್ರವರಿ ಬ್ಯಾಚಿನ ಗ್ರಾಹಕ, ಬೆಂಗಳೂರು